ಪೆಟ್, ಪಿಜೆಕ್ಸ್, ಪಿಮಾಲ್: ದಾವಣಗೆರೆ ಬೇಸಿಗೆಯಲ್ಲಿ ಯಾವುದು?

ಮೆಕ್ಕೆಜೋಳದ ಹೊಲದ ಮಣ್ಣಿನಲ್ಲಿ ಸಿಕ್ಕ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಕ್ಸೈಲನೇಸ್ (ಗಿಡದ ನಾರಿನ ಕ್ಸೈಲಾನ್ ಒಡೆಯುವಂಥದ್ದು) ನಮ್ಮ ಕಿಣ್ವ. ಸುಮಾರು 23 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ) ತೂಗುವ ಚಿಕ್ಕ ಪ್ರೋಟೀನ್. ಅದರ ಜೀನನ್ನು ಪೆಟ್-28ಎ, ಪಿಜೆಕ್ಸ್-4ಟಿ, ಪಿಮಾಲ್ ಎಂಬ ಮೂರು ಪ್ಲಾಸ್ಮಿಡ್‌ಗಳಿಗೂ (ಜೀನ್ ಹೊತ್ತೊಯ್ಯುವ ಡಿಎನ್‌ಎ ಉಂಗುರಗಳು) ಹಾಕಿ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದೆವು. ಈ ಊರಲ್ಲಿ ಕೂತು ಹೇಳುವುದಾದರೆ, ಪ್ಲಾಸ್ಮಿಡ್ ಆರಿಸುವ ಮೊದಲು ನಿಮ್ಮ ಶೇಕರ್‌ಗೆ (ಕೋಶಗಳನ್ನು ಅಲುಗಾಡಿಸುತ್ತ ಬೆಳೆಸುವ ಯಂತ್ರ) ಕೂಲಿಂಗ್ ಇದೆಯಾ ನೋಡಿಕೊಳ್ಳಿ.

ಪೆಟ್-28ಎ ಎಲ್ಲರೂ ಮೊದಲು ಹಿಡಿಯುವುದು. ಪ್ರೋಟೀನನ್ನು ಮಣಿಗಳಿಗೆ ಅಂಟಿಸಿ ಶುದ್ಧ ಮಾಡಲು ಒಂದು ಟ್ಯಾಗ್ ಜೋಡಿಸುತ್ತಾರೆ. ಇದರದ್ದು ನಿಕ್ಕಲ್‌ಗೆ ಅಂಟುವ ಆರು ಹಿಸ್ಟಿಡಿನ್‌ಗಳ ಪುಟ್ಟ ಟ್ಯಾಗ್, ಪ್ರೋಟೀನಿಗೆ ಹೊರೆ ಅನಿಸುವುದಿಲ್ಲ. ಜೀನ್ ಓದುವುದನ್ನು ಶುರುಮಾಡಿಸುವ ಇದರ ಟಿ7 ಪ್ರೊಮೋಟರ್ ಬಲು ಜೋರು. ಅದಕ್ಕೆ ಬೇಕಾದ ಪಾಲಿಮರೇಸ್ ಇರುವ ಬಿಎಲ್21-ಡಿಇ3 ತರಹದ ತಳಿಯೇ ಆಗಬೇಕು. ಜೀನನ್ನು ಚಾಲೂ ಮಾಡುವ ಐಪಿಟಿಜಿ ಹಾಕಿದರೆ, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ದಪ್ಪ ಬ್ಯಾಂಡ್ ಬರುತ್ತದೆ. ಆಗಲೇ ಖುಷಿಪಡಬೇಡಿ. 37 ಡಿಗ್ರಿಯಲ್ಲಿ ಬೆಳೆಸಿದ ಕೋಶಗಳನ್ನು ಒಡೆದು ಸೆಂಟ್ರಿಫ್ಯೂಜ್ ಮಾಡಿದಾಗ ನಮ್ಮ ಕಿಣ್ವದ ಬಹುಪಾಲು ಇನ್‌ಕ್ಲೂಷನ್ ಬಾಡಿಯಾಗಿ, ಅಂದರೆ ಕರಗದ ಮುದ್ದೆಯಾಗಿ, ತಳದ ಪೆಲೆಟ್‌ನಲ್ಲೇ ಕೂತಿತ್ತು. ತಯಾರಾಗುವ ವೇಗಕ್ಕೆ ಸರಿಯಾಗಿ ಮಡಚಿಕೊಳ್ಳಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. 18 ಡಿಗ್ರಿಗೆ ಇಳಿಸಿ ರಾತ್ರಿಯಿಡೀ ಬಿಡಿ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಎಲ್ಲಿಂದ ತರೋದು? ಬರೀ ಹೀಟರ್ ಇರುವ ಶೇಕರ್ ಕೋಣೆಯ ಬಿಸಿಗಿಂತ ಕೆಳಗೆ ಇಳಿಯುವುದಿಲ್ಲ. ಡಿಸೆಂಬರ್ ರಾತ್ರಿ ಕಿಟಕಿ ತೆಗೆದಿಟ್ಟು ನಡೆಸಿದಾಗ ಇದೇ ಪೆಟ್ ಕರಗಿದ ಪ್ರೋಟೀನನ್ನೇ ಕೊಟ್ಟಿತು.

ಪಿಜೆಕ್ಸ್‌ನ ಟ್ಯಾಗ್ ಜಿಎಸ್‌ಟಿ, ಗ್ಲೂಟಾಥಯೋನ್‌ಗೆ ಅಂಟುವ ಪ್ರೋಟೀನ್, 26 ಕಿಲೋಡಾಲ್ಟನ್. ಟ್ಯಾಕ್ ಪ್ರೊಮೋಟರ್ ಆದ್ದರಿಂದ ಡಿಇ3 ತಳಿಯೇ ಬೇಕೆಂದಿಲ್ಲ. ಗ್ಲೂಟಾಥಯೋನ್ ಮಣಿಗಳಿಂದ ಬಂದದ್ದು ನಿಕ್ಕಲ್ ಕಾಲಂನಿಂದ ಬಂದದ್ದಕ್ಕಿಂತ ಚೊಕ್ಕ. ಆದರೆ ಅಂಟಿಕೊಳ್ಳುವುದು ನಿಧಾನ, ಕಾಲಂ ಜೋರಾಗಿ ಓಡಿಸಿದರೆ ಪ್ರೋಟೀನ್ ಕೈಬಿಟ್ಟು ಹೋಗುತ್ತದೆ. ನಮಗೆ ತಲೆಬಿಸಿ ಬೇರೆ ಕಡೆ ಇತ್ತು. ಟ್ಯಾಗನ್ನು ಥ್ರಾಂಬಿನ್ ಎಂಬ ಕಿಣ್ವದಿಂದ ಕತ್ತರಿಸಿದ ಮೇಲೆ 26ರ ಟ್ಯಾಗ್, 23ರ ಕಿಣ್ವ ಎರಡೂ ಜೆಲ್‌ನಲ್ಲಿ ಅಕ್ಕಪಕ್ಕ. ಯಾವುದು ಯಾವುದೋ!

ಪಿಮಾಲ್‌ನ ಟ್ಯಾಗ್ ಎಂಬಿಪಿ, ಮಾಲ್ಟೋಸ್ ಸಕ್ಕರೆಗೆ ಅಂಟುವ ಪ್ರೋಟೀನ್, 42 ಕಿಲೋಡಾಲ್ಟನ್ ದಾಟುತ್ತದೆ. ತಲೆಗಿಂತ ರುಮಾಲೇ ದೊಡ್ಡದು. ಆದರೂ ಬೇಸಿಗೆಯಲ್ಲಿ ನಮ್ಮನ್ನು ಕಾಪಾಡಿದ್ದು ಇದೇ. ತಣ್ಣಗೆ ಮಾಡದಿದ್ದರೂ ಬಹುಪಾಲು ಕಿಣ್ವ ಕರಗಿದ ಭಾಗದಲ್ಲೇ ಸಿಕ್ಕಿತು. ಇದು ಅಂಟುವ ಅಮೈಲೋಸ್ ಮಣಿಗಳಿಂದ ಬಿಡಿಸಲು 10 ಮಿಲಿಮೋಲಾರ್ ಮಾಲ್ಟೋಸ್ ಸಾಕು. ಮೀಡಿಯಂಗೆ 0.2% ಗ್ಲೂಕೋಸ್ ಹಾಕುವುದನ್ನು ಮಾತ್ರ ಬಿಡಬೇಡಿ, ಇಲ್ಲದಿದ್ದರೆ ಬ್ಯಾಕ್ಟೀರಿಯಾ ತಯಾರಿಸುವ ಅಮೈಲೇಸ್ ಕಿಣ್ವ ಅಮೈಲೋಸ್ ಮಣಿಗಳನ್ನೇ ತಿಂದುಹಾಕುತ್ತದೆ. ಇನ್ನೊಂದು ಲೆಕ್ಕ: ಕೈಗೆ ಬಂದ ಪ್ರೋಟೀನಿನ ತೂಕದಲ್ಲಿ ನಿಮ್ಮ ಕಿಣ್ವ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಪ್ಲಾಸ್ಮಿಡ್ ಇರುವ ಕೋಶಗಳನ್ನಷ್ಟೇ ಉಳಿಸಿಕೊಳ್ಳಲು ಹಾಕುವ ಆಂಟಿಬಯಾಟಿಕ್ ವಿಷಯದಲ್ಲಿ ಪೆಟ್-28ಎಯ ಕ್ಯಾನಮೈಸಿನ್ ಮೇಲು. ಉಳಿದೆರಡಕ್ಕೂ ಆಂಪಿಸಿಲಿನ್. ಪ್ಲಾಸ್ಮಿಡ್ ಇರುವ ಕೋಶಗಳು ಹೊರಬಿಡುವ ಬೀಟಾ-ಲ್ಯಾಕ್ಟಮೇಸ್ ಅದನ್ನು ಒಡೆಯುತ್ತದೆ. ಪ್ಲೇಟ್ ಜಾಸ್ತಿ ಹೊತ್ತು ಬಿಟ್ಟರೆ ಸುತ್ತ ಪ್ಲಾಸ್ಮಿಡ್ ಇಲ್ಲದ ಪುಡಿ ಕಾಲನಿಗಳು ಏಳುತ್ತವೆ.

ಖರ್ಚು ನೋಡಿದರೂ ನಿಕ್ಕಲ್ ಮಣಿಯೇ ವಾಸಿ. ನಿಕ್ಕಲ್ ಕಳಚುವ ಇಡಿಟಿಎಯಿಂದ ತೊಳೆದು ಮತ್ತೆ ನಿಕ್ಕಲ್ ಸಲ್ಫೇಟ್ ಹಾಕಿ ಬಳಸಬಹುದು. ಜಿಎಸ್‌ಟಿಯನ್ನು ಮಣಿಗಳಿಂದ ಬಿಡಿಸುವ ಗ್ಲೂಟಾಥಯೋನ್ ದ್ರಾವಣವನ್ನು ಪ್ರತಿ ಸಲ ಹೊಸದಾಗಿ ಮಾಡಬೇಕು.

ಕಿಣ್ವದ ಚಟುವಟಿಕೆ ಅಳೆಯುವುದಷ್ಟೇ ಕೆಲಸವಾದರೆ ಮಾರ್ಚ್‌ನಿಂದ ಮೇವರೆಗೆ ಪಿಮಾಲ್ ಹಾಕಿ, ಟ್ಯಾಗ್ ಕತ್ತರಿಸುವ ಗೋಜಿಗೇ ಹೋಗಬೇಡಿ. ಆಂಟಿಬಾಡಿ ಮಾಡಿಸಲು, ಸ್ಫಟಿಕ ಬೆಳೆಸಲು ಅಪ್ಪಟ ಪ್ರೋಟೀನ್ ಬೇಕಿದ್ದರೆ ಚಳಿಗಾಲಕ್ಕೆ ಕಾದು ಪೆಟ್-28ಎ ನಡೆಸಿ. 23 ಕಿಲೋಡಾಲ್ಟನ್ ಆಸುಪಾಸಿನ ಪ್ರೋಟೀನಿಗೆ ಪಿಜೆಕ್ಸ್ ನಾನಂತೂ ಹೇಳುವುದಿಲ್ಲ.