ವಯಸ್ಸಾದ, ಹೃದಯದ ತೊಂದರೆಯಿರುವ ನಾಯಿಯನ್ನು ಧೈರ್ಯವಾಗಿ ಬಿಡಬಹುದಾದ ಮನೆ

ನಮ್ಮ ಪುಟ್ಟಿ ಇಂಡಿಯನ್ ಸ್ಪಿಟ್ಜ್. ಬೀದಿಯವರೆಲ್ಲ ಪಾಮೇರಿಯನ್ ಅಂತಲೇ ಕರೆಯುವ ಬಿಳಿ ನಾಯಿ. ವಯಸ್ಸು 13 ದಾಟಿದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಹೃದಯದ ಕವಾಟ ಸೋರುತ್ತದೆ. ದಿನಕ್ಕೆ ಎರಡು ಹೊತ್ತು ಹೃದಯಕ್ಕೆ ಬಲ ಕೊಡುವ ಪಿಮೊಬೆಂಡಾನ್ ಮಾತ್ರೆ, ಜೊತೆಗೆ ಲ್ಯಾಸಿಕ್ಸ್. ಇಂಥ ನಾಯಿಯನ್ನು ಬಿಟ್ಟು ಊರಿಗೆ ಹೋಗುವುದು ಹೇಗಪ್ಪಾ ಅನ್ನುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಬಸವನಗುಡಿ ಕಡೆ ಒಬ್ಬ ಆಂಟಿ ತಮ್ಮ ಮನೆಯಲ್ಲೇ ಸಣ್ಣ, ವಯಸ್ಸಾದ, ಕಾಯಿಲೆಯ ನಾಯಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಾರೆ. ಕೆಲವು ವರ್ಷಗಳಿಂದ ಪುಟ್ಟಿಯನ್ನು ಅಲ್ಲೇ ಬಿಡುತ್ತಿದ್ದೇವೆ.

ಅದಕ್ಕೆ ಮುಂಚೆ ಬೆಂಗಳೂರಿನ ಹೊರಗಿನ ಒಂದು ದೊಡ್ಡ ಬೋರ್ಡಿಂಗ್‌ಗೆ ಬಿಟ್ಟಿದ್ದೆವು. ವಿಶಾಲವಾದ ಜಾಗ, ಈಜುಕೊಳ, ದಿನಾ ಫೋಟೊ, ಎಲ್ಲಾ ಇತ್ತು. ಆದರೆ ರಾತ್ರಿ ಅಷ್ಟೂ ನಾಯಿಗಳಿಗೆ ಒಬ್ಬನೇ ಹುಡುಗ. ಲ್ಯಾಸಿಕ್ಸ್ ಅಂದರೆ ಮೈಯಲ್ಲಿ ತುಂಬಿದ ನೀರಿಳಿಸುವ ಮಾತ್ರೆ. ಕೊಟ್ಟ ಮೇಲೆ ಪದೇ ಪದೇ ಮೂತ್ರ ಬರುತ್ತದೆ, ಬಾಯಾರಿಕೆಯೂ ಜಾಸ್ತಿ. ಅಲ್ಲಿ ಹೊರಗೆ ಬಿಡುತ್ತಿದ್ದದ್ದು ದಿನಕ್ಕೆ ಮೂರೇ ಸಲ. ಒದ್ದೆ ನೆಲದ ಮೇಲೇ ಮಲಗಿ ಪುಟ್ಟಿಯ ಹೊಟ್ಟೆಯ ಚರ್ಮವೆಲ್ಲ ಕೆಂಪಾಗಿತ್ತು. ಗಟ್ಟಿಮುಟ್ಟಾದ ಲ್ಯಾಬ್ರಡಾರ್‌ಗೆ ಆ ಜಾಗ ಚೆನ್ನಾಗಿರಬಹುದು. ವಯಸ್ಸಾದ ನಾಯಿಗೆ ಮೊದಲು ಬೇಕಾದದ್ದು ಅದರ ಮೇಲೆ ಸದಾ ಕಣ್ಣಿಟ್ಟಿರುವ ಒಬ್ಬ ಮನುಷ್ಯರು.

ಆಂಟಿ ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ನಾಯಿ ಇಟ್ಟುಕೊಳ್ಳುವುದಿಲ್ಲ. 10 ಕೆಜಿ ಮೀರಿದ ನಾಯಿಗಂತೂ ಅಲ್ಲಿ ಜಾಗವೇ ಇಲ್ಲ. ಮೊದಲ ಭೇಟಿಯಲ್ಲಿ ಅವರು ಕೇಳಿದ ಪ್ರಶ್ನೆಗಳಿಂದಲೇ ನನಗೆ ಅರ್ಧ ನಂಬಿಕೆ ಬಂತು. ಮಾತ್ರೆ ಎಷ್ಟು ಗಂಟೆಗೆ? ಕಿವಿ ಚೆನ್ನಾಗಿ ಕೇಳುತ್ತಾ? ಮುಟ್ಟುವ ಮುಂಚೆ ಮಾತಾಡಿಸಬೇಕಾ? ರಾತ್ರಿ ಎಷ್ಟು ಸಲ ಏಳುತ್ತಾಳೆ? ಲಸಿಕೆ ಪುಸ್ತಕ ನೋಡಿದರು, ಉಣ್ಣಿಗೆ ಯಾವಾಗ ಔಷಧಿ ಹಾಕಿಸಿದ್ದು ಅಂತ ಕೇಳಿದರು. ಒಂದು ರಾತ್ರಿ ಬಿಟ್ಟು ನೋಡದೆ ಯಾವ ನಾಯಿಯನ್ನೂ ಒಪ್ಪಿಕೊಳ್ಳುವುದಿಲ್ಲ.

ಹಾಲ್‌ನ ಟೈಲ್ಸ್ ಮೇಲೆ ಪೂರ್ತಿ ರಬ್ಬರ್ ಮ್ಯಾಟ್ ಹಾಸಿದ್ದಾರೆ, ಹಿಂಗಾಲು ಸೋತ ನಾಯಿ ಜಾರಬಾರದಲ್ವಾ. ಕುರ್ಚಿ, ಮಂಚ, ನೀರಿನ ಬಟ್ಟಲು ಯಾವತ್ತೂ ಇದ್ದಲ್ಲೇ ಇರುತ್ತವೆ. ಕಣ್ಣು ಕಾಣದ ಪುಟ್ಟಿ ಈಗ ಆ ಮನೆಯಲ್ಲಿ ಎಲ್ಲಿಯೂ ತಗುಲದೆ ಓಡಾಡುತ್ತಾಳೆ. ವಾಕಿಂಗ್‌ಗೆ ಕತ್ತಿನ ಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ಸೇ ಬೇಕು ಅನ್ನುತ್ತಾರೆ. ಸಣ್ಣ ತಳಿಗಳಲ್ಲಿ ಶ್ವಾಸನಾಳ ಸೂಕ್ಷ್ಮ, ಕತ್ತು ಎಳೆದರೆ ಕೆಮ್ಮು ಶುರುವಾಗುತ್ತದೆ. ಪಿಮೊಬೆಂಡಾನ್ ಕೊಟ್ಟು ಒಂದು ಗಂಟೆ ಬಿಟ್ಟೇ ಊಟ ಹಾಕಬೇಕು ಅನ್ನುವುದನ್ನು ಒಂದು ಸಲ ಹೇಳಿದ್ದಷ್ಟೇ, ಮತ್ತೆ ನೆನಪಿಸುವ ಪ್ರಮೇಯವೇ ಬಂದಿಲ್ಲ.

ಇಷ್ಟೆಲ್ಲದಕ್ಕಿಂತ ದೊಡ್ಡದು ಅವರ ನೋಟ್‌ಬುಕ್. ಒಂದೊಂದು ನಾಯಿಗೂ ಒಂದೊಂದು ಪುಟ. ತಿಂದದ್ದೆಷ್ಟು, ಕುಡಿದದ್ದೆಷ್ಟು, ಮೂತ್ರ ಎಷ್ಟು ಸಲ. ಹೃದಯದ ನಾಯಿಗಳ ಪುಟದಲ್ಲಿ ಇನ್ನೊಂದು ಸಾಲು ಇರುತ್ತದೆ: ಗಾಢ ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು. ಎದೆ ಮೇಲೆದ್ದು ಇಳಿದರೆ ಒಂದು. 30ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಏರಿ ಅಲ್ಲೇ ನಿಂತರೆ ಡಾಕ್ಟರಿಗೆ ಹೇಳಬೇಕು. ನಮ್ಮ ಡಾಕ್ಟರು ನಮಗೂ ಇದನ್ನೇ ಹೇಳಿಕೊಟ್ಟಿದ್ದರು.

ಒಂದು ಯುಗಾದಿಗೆ ನಾವು ಶಿವಮೊಗ್ಗದಲ್ಲಿದ್ದಾಗ ರಾತ್ರಿ ಆಂಟಿಯ ಫೋನ್ ಬಂತು. "ನೋಡಮ್ಮ, ನಿದ್ದೆಯಲ್ಲಿ ದಿನಾ 24, 25 ಇರ್ತಿತ್ತು. ಇವತ್ತು 38. ಸ್ವಲ್ಪ ಹೊತ್ತು ಬಿಟ್ಟು ಎಣಿಸಿದೆ, ಈಗ 42. ಆಟೋ ಹತ್ತಿದೀನಿ, ಡಾಕ್ಟರಿಗೂ ಹೇಳಿದೀನಿ." ಪುಟ್ಟಿ ಕೆಮ್ಮಿರಲಿಲ್ಲ. ಸಂಜೆ ಊಟವನ್ನೂ ಚೆನ್ನಾಗೇ ಮಾಡಿದ್ದಳು. ಎಕ್ಸ್‌ರೇಯಲ್ಲಿ ಶ್ವಾಸಕೋಶಕ್ಕೆ ನೀರು ಸೇರಿರುವುದು ಗೊತ್ತಾಯಿತು. ಇಂಜೆಕ್ಷನ್ ಕೊಟ್ಟು ಆಕ್ಸಿಜನ್ ಹಾಕಿದರು, ಬೆಳಗಿನ ಹೊತ್ತಿಗೆ ಉಸಿರು ಇಳಿಯಿತು, ಲ್ಯಾಸಿಕ್ಸ್ ಪ್ರಮಾಣ ಹೆಚ್ಚಿಸಿದರು. ಎಣಿಸುವವರು ಇಲ್ಲದಿದ್ದರೆ ಅವಳು ಸುಮ್ಮನೆ ಮಲಗಿದ್ದಾಳೆ ಅಂತಲೇ ಅಂದುಕೊಳ್ಳುತ್ತಿದ್ದರು. ತುರ್ತಿಗೆ ಎಷ್ಟರವರೆಗೆ ಖರ್ಚು ಮಾಡಬಹುದು, ಯಾವ ಆಸ್ಪತ್ರೆಗೆ ಹೋಗಬೇಕು ಅಂತ ಆಂಟಿ ಮೊದಲೇ ಬರೆಸಿ ಸಹಿ ಹಾಕಿಸಿಕೊಂಡಿರುತ್ತಾರೆ. ಆ ಕಾಗದದಿಂದಾಗಿ ಅವತ್ತು ಒಂದು ನಿಮಿಷವೂ ಹಾಳಾಗಲಿಲ್ಲ.

ಕೊರತೆಗಳೂ ಇವೆ. ಮನೆ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ನಾಯಿಯನ್ನು ಎತ್ತಿಕೊಂಡೇ ಹತ್ತಬೇಕು. ಎಸಿ ಇಲ್ಲ. ಇಷ್ಟು ದಟ್ಟ ಕೂದಲಿನ, ಹೃದಯದ ತೊಂದರೆಯ ನಾಯಿಗೆ ಏಪ್ರಿಲ್ ಬಿಸಿಲಲ್ಲಿ ಅದು ನಿಜವಾದ ಸಮಸ್ಯೆ. ಕೂಲರ್ ಇಟ್ಟಿದ್ದಾರೆ, ನನಗೆ ಅದು ಸಾಲದು ಅನ್ನಿಸುತ್ತದೆ. ಬೇಸಿಗೆಯಲ್ಲಿ ತೀರಾ ಅನಿವಾರ್ಯವಾದರೆ ಮಾತ್ರ ಬಿಡುತ್ತೇವೆ. ಸಸ್ಯಾಹಾರಿ ಮನೆ, ಕೋಳಿ ಬೇಯಿಸುವುದಿಲ್ಲ. ಪ್ಯಾಕೆಟ್ ಫುಡ್ ತಂದುಕೊಟ್ಟರೆ ಹಾಕುತ್ತಾರೆ. ವಿಡಿಯೊ ಕಾಲ್‌ಗೆ ಒಪ್ಪುವುದಿಲ್ಲ. ನಮ್ಮ ದನಿ ಕೇಳಿದರೆ ಪುಟ್ಟಿ ಮನೆಯೆಲ್ಲ ಹುಡುಕಾಡುತ್ತಾಳೆ ಅನ್ನುವುದು ಅವರ ಕಾರಣ. ಅದು ಸರಿಯೇ. ದಿನಕ್ಕೊಂದು ಫೋಟೊ, ಜೊತೆಗೆ ನೋಟ್‌ಬುಕ್ಕಿನ ಪುಟ ಬರುತ್ತದೆ, ನನಗೆ ಅಷ್ಟು ಸಾಕು.

ದಿನಕ್ಕೆ 900 ರೂಪಾಯಿ. ಇನ್ಸುಲಿನ್ ಚುಚ್ಚುವುದಿದ್ದರೆ 150 ಜಾಸ್ತಿ. ಇದಕ್ಕಿಂತ ಕಡಿಮೆಗೆ ಬೇರೆ ಕಡೆ ಸಿಗುತ್ತದೆ, ಆದರೆ ಕಾಯಿಲೆಯ ನಾಯಿಗೆ ಈ ದರ ನ್ಯಾಯವೇ. ಚಟುವಟಿಕೆಯ ಮರಿನಾಯಿ ಇದ್ದವರು ಬೇರೆ ಜಾಗ ನೋಡುವುದು ಒಳ್ಳೆಯದು, ಇಲ್ಲಿ ಓಡಾಡಲು ಅಂಗಳ ಇಲ್ಲ. ದೀಪಾವಳಿ ವಾರದಲ್ಲಿ ಹೊಸ ನಾಯಿಗಳನ್ನು ಸೇರಿಸಿಕೊಳ್ಳುವುದಿಲ್ಲ. ಪಟಾಕಿ ಸದ್ದಿಗೆ ಬೆದರುವ ಹಳಬರ ಜೊತೆ ಒಳಕೋಣೆಯಲ್ಲಿ ಕೂತಿರುತ್ತಾರೆ. ದಸರಾ ರಜೆಗೆ ಬೇಕಿದ್ದರೆ ಆಗಸ್ಟ್‌ನಲ್ಲೇ ಕೇಳಿಡಿ, ಒಂದು ರಾತ್ರಿಯ ಟ್ರಯಲ್ ಅದಕ್ಕೂ ಮುಂಚೆಯೇ ಮುಗಿಸಿಕೊಂಡಿರಿ.