ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ಪವರ್ ಸಪ್ಲೈ ಮೇಲಿನ ಚೀಟಿ ಓದಿ

ಕಳೆದ ವಾರ ಪಕ್ಕದ ಮನೆಯ ಹುಡುಗ ಬಂದು ಕೇಳಿದ. "ಅಣ್ಣಾ, ಹಳೇ ಆರ್‌ಎಕ್ಸ್ 580 ಗ್ರಾಫಿಕ್ಸ್ ಕಾರ್ಡ್ ಒಂದು ಕಡಿಮೆ ರೇಟಿಗೆ ಸಿಗ್ತಾ ಇದೆ. ನನ್ನ ಕಂಪ್ಯೂಟರಿಗೆ ಹಾಕ್ಬಹುದಾ?" ಅವನ ಕಂಪ್ಯೂಟರಿಗೆ ಹತ್ತು ವರ್ಷ ಆಗಿದೆ. ಕ್ಯಾಬಿನೆಟ್ ಜೊತೆಗೇ ಬಂದ ಪವರ್ ಸಪ್ಲೈ, ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಮಾಡಿಕೊಡುವ ಡಬ್ಬಿ, ಇನ್ನೂ ಅದರಲ್ಲಿದೆ. 2023ರ ಮಳೆಗಾಲದಲ್ಲಿ ನಮ್ಮ ಮನೆಯಲ್ಲೂ ಇದೇ ಕಾರ್ಡು, ಇಂಥದ್ದೇ ಹಳೇ ಡಬ್ಬಿ ಇತ್ತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಮಗಾದದ್ದು ಇನ್ನೊಬ್ಬರಿಗೆ ಆಗಬಾರದು.

ನಾವಿರುವುದು ಕಾರವಾರದ ಕೋಡಿಬಾಗದಲ್ಲಿ. ಆ ಕಂಪ್ಯೂಟರನ್ನು 2015ರಲ್ಲಿ ಹುಬ್ಬಳ್ಳಿಯಿಂದ ತಂದಿದ್ದೆವು. ಇಂಟೆಲ್ ಐ5-4460 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ಡಿಡಿಆರ್3 ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 750 ಟಿಐ ಕಾರ್ಡ್. ಆಗ ಅದು ಚೆನ್ನಾಗಿಯೇ ಓಡುತ್ತಿತ್ತು. ಆದರೆ ಆ ಕಾರ್ಡಿನ 2 ಜಿಬಿ ಮೆಮೊರಿ ಹೊಸ ಗೇಮ್‌ಗಳಿಗೆ ಸಾಲುತ್ತಿರಲಿಲ್ಲ. ಕಾರ್ ಓಡಿಸುವ ಗೇಮಿನಲ್ಲಿ ರಸ್ತೆ ಮೊದಲು ಬರುತ್ತಿತ್ತು, ಅಕ್ಕಪಕ್ಕದ ಮನೆಗಳು ಆಮೇಲೆ ಮೂಡುತ್ತಿದ್ದವು. ನನ್ನ ತಮ್ಮ ರಜೆಯಲ್ಲಿ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ 8,000 ರೂಪಾಯಿ ಕೂಡಿಸಿದ್ದ. ಅಷ್ಟರಲ್ಲೇ ಆಗಬೇಕು ಎಂದ.

ಮಡಗಾಂವದಲ್ಲಿ ಒಬ್ಬರ ಹತ್ತಿರ ಆರ್‌ಎಕ್ಸ್ 580, 8 ಜಿಬಿ, 6,500 ರೂಪಾಯಿಗೆ ಇದೆ ಎಂದು ಫೋನಿನಲ್ಲಿ ನೋಡಿದೆವು. ರೈಲು ಹತ್ತಿ ಇಬ್ಬರೂ ಹೋದೆವು. ಅವರು ತಮ್ಮ ಕಂಪ್ಯೂಟರಿಗೆ ಕಾರ್ಡ್ ಹಾಕಿ ತೋರಿಸಿದರು. ವಿಂಡೋಸ್ ತೆರೆದುಕೊಂಡಿತು, ಫ್ಯಾನ್ ತಿರುಗಿತು, ಒಂದು ವಿಡಿಯೋ ಓಡಿತು. ಐದು ನಿಮಿಷ ಇರಬಹುದು. ಗೇಮ್ ಹಾಕಿ ತೋರಿಸಿ ಎಂದು ಕೇಳಲು ನನಗೆ ಸಂಕೋಚವಾಯಿತು. ವಾಪಸ್ ರೈಲಿಗೆ ಹೊತ್ತಾಗುತ್ತಿತ್ತು. ಬಿಲ್ ಇಲ್ಲ, ಬಾಕ್ಸ್ ಇಲ್ಲ, ದುಡ್ಡು ಕೊಟ್ಟು ಬಂದೆವು.

ಮನೆಗೆ ಬಂದು ನೋಡಿದರೆ ಈ ಕಾರ್ಡಿಗೆ 8 ಪಿನ್ನಿನ ಬೇರೆ ವೈರ್ ಬೇಕು. ಹಳೇ 750 ಟಿಐ 60 ವ್ಯಾಟ್ ಮಾತ್ರ ತಿನ್ನುತ್ತಿತ್ತು. ಅದನ್ನು ಬೋರ್ಡಿನ ಸ್ಲಾಟೇ ಕೊಡುತ್ತಿತ್ತು. ಹಾಗಾಗಿ ನಮ್ಮ ಪವರ್ ಸಪ್ಲೈನಲ್ಲಿ 8 ಪಿನ್ ವೈರೇ ಇಲ್ಲ ಎಂಬುದು ಅಲ್ಲಿಯವರೆಗೆ ಗೊತ್ತೇ ಆಗಿರಲಿಲ್ಲ. ಆಗಲೇ ನಿಲ್ಲಿಸಬೇಕಿತ್ತು. ಆ ವೈರ್ ಇಲ್ಲ ಎಂದರೆ ಈ ಡಬ್ಬಿಯನ್ನು ಇಂಥ ಕಾರ್ಡಿಗೆ ಮಾಡಿಲ್ಲ ಎಂದೇ ಅರ್ಥ. ಆದರೆ ಅಂಗಡಿಯೊಂದರಲ್ಲಿ 150 ರೂಪಾಯಿಗೆ ಒಂದು ಅಡಾಪ್ಟರ್ ಕೊಟ್ಟರು. ಹಳೇ ಕಾಲದ ಹಾರ್ಡ್ ಡಿಸ್ಕಿಗೆ ಬರುತ್ತಿದ್ದ ದಪ್ಪ ನಾಲ್ಕು ಪಿನ್ನಿನ ಮೋಲೆಕ್ಸ್ ಪ್ಲಗ್ ಇರುತ್ತದಲ್ಲ, ಅಂಥ ಎರಡನ್ನು ಸೇರಿಸಿ ಒಂದು 8 ಪಿನ್ ಮಾಡುವಂಥದ್ದು. "450 ವ್ಯಾಟ್ ಇದೆಯಲ್ವಾ, ಸಾಕು" ಎಂದರು. ನಾನೂ ನಂಬಿದೆ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಾವು ಎಡವಿದ್ದು ಇಲ್ಲಿಯೇ.

ಪವರ್ ಸಪ್ಲೈ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ದೊಡ್ಡದಾಗಿ 450 ವ್ಯಾಟ್ ಎಂದಿರುತ್ತದೆ. ಅದನ್ನು ಬಿಟ್ಟು ಕೆಳಗಿನ ಸಣ್ಣ ಕೋಷ್ಟಕ ನೋಡಬೇಕು. ಅಲ್ಲಿ 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್ ಎಂದು ಬೇರೆ ಬೇರೆ ಲೈನ್‌ಗಳಿರುತ್ತವೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ತಿನ್ನುವುದು ಹೆಚ್ಚುಕಡಿಮೆ ಪೂರ್ತಿ 12 ವೋಲ್ಟಿನ ಲೈನಿನಿಂದ. ನಮ್ಮದರಲ್ಲಿ 12 ವೋಲ್ಟಿನ ಕೆಳಗೆ 16 ಆಂಪಿಯರ್ ಎಂದಿತ್ತು. 12ನ್ನು 16ರಿಂದ ಗುಣಿಸಿ. 192 ವ್ಯಾಟ್. ದೊಡ್ಡ ಅಕ್ಷರದ 450ರಲ್ಲಿ ನಮ್ಮ ಕೆಲಸಕ್ಕೆ ಬರುವುದು ಇಷ್ಟೇ. ಐ5-4460ಕ್ಕೆ 84 ವ್ಯಾಟ್ ಎಂದು ಇಂಟೆಲ್ ಹೇಳುತ್ತದೆ. ಆರ್‌ಎಕ್ಸ್ 580ಕ್ಕೆ 185 ವ್ಯಾಟ್. ಎರಡೂ ಸೇರಿದರೆ 269. ಚೀಟಿ ಓದಿದ್ದರೆ ನಾಲ್ಕನೇ ಕ್ಲಾಸಿನ ಲೆಕ್ಕದಲ್ಲೇ ಗೊತ್ತಾಗುತ್ತಿತ್ತು. ನಾನು ಓದಲಿಲ್ಲ.

ಅಡಾಪ್ಟರ್ ಕಥೆ ಇನ್ನೂ ಕೆಟ್ಟದ್ದು. 8 ಪಿನ್ ಕನೆಕ್ಟರ್ ಮೂಲಕ ಕಾರ್ಡ್ 150 ವ್ಯಾಟ್‌ವರೆಗೆ ಎಳೆದುಕೊಳ್ಳಬಹುದು. ಅಂದರೆ 12.5 ಆಂಪಿಯರ್. ನಾವು ಸಿಕ್ಕಿಸಿದ ಎರಡು ಮೋಲೆಕ್ಸ್ ಪ್ಲಗ್‌ಗಳೂ ಒಂದೇ ವೈರಿಗೆ ಸಾಲಾಗಿ ಪೋಣಿಸಿದವು. ನೋಡಲು ಎರಡು, ಒಳಗೆ ಒಂದೇ ಸಣ್ಣ ವೈರ್. ಎಲ್ಲ ಭಾರವೂ ಅದರ ಮೇಲೆ.

ಮೊದಲ ಎರಡು ದಿನ ಗೇಮ್ ಚೆನ್ನಾಗಿ ಓಡಿತು. ತಮ್ಮನ ಮುಖ ನೋಡಿ ನನಗೂ ಖುಷಿಯಾಗಿತ್ತು. ಮೂರನೇ ದಿನ ಗೇಮಿನ ಮಧ್ಯೆ ಪರದೆ ಕಪ್ಪಾಗಿ ಕಂಪ್ಯೂಟರ್ ತಾನಾಗಿಯೇ ಮತ್ತೆ ಶುರುವಾಯಿತು. ಡ್ರೈವರ್ ಸರಿ ಇಲ್ಲ ಎಂದುಕೊಂಡು ತೆಗೆದು ಹಾಕಿದೆವು. ವಿಂಡೋಸನ್ನೇ ಹೊಸದಾಗಿ ಹಾಕಿದೆವು. ಭಾರದ ಗೇಮ್ ಹಾಕಿದಾಗ ಮಾತ್ರ ಆರಿಹೋಗುತ್ತಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಪವರ್ ಸಪ್ಲೈ ಮೇಲೆ ಎಂದು ನಮಗೆ ಹೊಳೆಯಲಿಲ್ಲ. ಐದನೇ ದಿನ ತಮ್ಮ ಹೇಳಿದ, "ಅಣ್ಣಾ, ಏನೋ ಸುಟ್ಟ ವಾಸನೆ ಬರ್ತಾ ಇದೆ." ಮಳೆಗಾಲದಲ್ಲಿ ಒದ್ದೆಯಾದ ಧೂಳು ಕಾದ ವಾಸನೆ ಇರಬೇಕು ಎಂದುಬಿಟ್ಟೆ. ಆ ಮಾತು ನೆನಪಾದಾಗ ಈಗಲೂ ನೋವಾಗುತ್ತದೆ. ಅವನು ಸರಿಯಾಗಿಯೇ ಹೇಳಿದ್ದ.

ಆ ರಾತ್ರಿ ಜೋರು ಮಳೆ. ಕರೆಂಟ್ ಎರಡು ಸಲ ಹೋಗಿ ಬಂತು. ಎರಡನೇ ಸಲ ಬಂದಾಗ ಕ್ಯಾಬಿನೆಟ್ ಒಳಗಿಂದ ಪಟಾಕಿ ಹೊಡೆದಂತೆ ಸದ್ದು, ಸಣ್ಣ ಬೆಳಕು, ಮನೆಯ ಟ್ರಿಪ್ ಸ್ವಿಚ್ ಬಿತ್ತು. ಅಮ್ಮ ಹೆದರಿ ಹೊರಗೆ ಓಡಿ ಬಂದರು.

ಮರುದಿನ ಊರಿನ ಒಬ್ಬ ಹಳೆಯ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆವು. ಅವರು ಮುಚ್ಚಳ ತೆಗೆದು ಮೊದಲು ಅಡಾಪ್ಟರ್ ತೋರಿಸಿದರು. ಮೋಲೆಕ್ಸ್ ಪ್ಲಗ್ಗಿನ ಬಿಳಿ ಪ್ಲಾಸ್ಟಿಕ್ ಕಂದಾಗಿ ಕರಗಿ ಪಿನ್ನಿಗೆ ಅಂಟಿಕೊಂಡಿತ್ತು. ಪವರ್ ಸಪ್ಲೈ ಒಳಗೆ ಕೆಪಾಸಿಟರ್ ಉಬ್ಬಿ ಒಡೆದಿತ್ತು. ಒಳಗೆಲ್ಲ ಉಪ್ಪುಗಾಳಿಗೆ ಒದ್ದೆಯಾದ ಧೂಳು ಕಂಬಳಿಯ ಹಾಗೆ ಕೂತಿತ್ತು, ವೈರ್ ತುದಿಗಳಲ್ಲಿ ಹಸಿರು ಕಿಲುಬು. ನಮ್ಮ ಕರಾವಳಿಯಲ್ಲಿ ಇದು ಬೇರೆ ಊರಿಗಿಂತ ಬೇಗ ಆಗುತ್ತದೆ ಎಂದರು. ಆಮೇಲೆ ನನ್ನ ಒಂದು ಕೈಗೆ ನಮ್ಮದನ್ನು, ಇನ್ನೊಂದು ಕೈಗೆ ಒಳ್ಳೆಯ ಕಂಪನಿಯದನ್ನು ಕೊಟ್ಟರು. ನಮ್ಮದು ಖಾಲಿ ಡಬ್ಬಿಯಷ್ಟು ಹಗುರ. ಒಳ್ಳೆಯದರಲ್ಲಿ ವೋಲ್ಟೇಜ್ ಏರಿದರೆ, ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ವ್ಯವಸ್ಥೆ ಇರುತ್ತದಂತೆ. ನಮ್ಮದು ಸಾಯುವಾಗ 12 ವೋಲ್ಟಿನ ಲೈನಿಗೆ ಜಾಸ್ತಿ ವೋಲ್ಟೇಜ್ ತಳ್ಳಿ, ಬೋರ್ಡ್ ಮತ್ತು ಹಾರ್ಡ್ ಡಿಸ್ಕ್ ಎರಡನ್ನೂ ಕರೆದುಕೊಂಡು ಹೋಗಿತ್ತು. ಪ್ರೊಸೆಸರ್, ರ‍್ಯಾಮ್ ಉಳಿದಿದ್ದವು.

ಕಾರ್ಡೂ ಉಳಿದಿತ್ತು. ಅವರ ಯಂತ್ರದಲ್ಲಿ ಹಾಕಿ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ತೆರೆದರು. 2017ರಲ್ಲಿ ಬಂದ ನಿಜವಾದ ಆರ್‌ಎಕ್ಸ್ 580ರಲ್ಲಿ 2304 ಶೇಡರ್‌ಗಳಿರುತ್ತವೆ, ಅಂದರೆ ಚಿತ್ರದ ಲೆಕ್ಕ ಮಾಡುವ ಸಣ್ಣ ಘಟಕಗಳು. ನಮ್ಮದು 2048 ತೋರಿಸಿತು. 2018ರಲ್ಲಿ ಚೀನಾದ ಮಾರುಕಟ್ಟೆಗೆ '580 2048ಎಸ್‌ಪಿ' ಎಂಬ ಕಾರ್ಡನ್ನು ಎಎಂಡಿ ಕಂಪನಿಯವರು ಬಿಟ್ಟಿದ್ದರು. ಹೆಸರು 580, ಒಳಗಿರುವುದು ಆರ್‌ಎಕ್ಸ್ 570. ಅದು ತಿನ್ನುವುದು 150 ವ್ಯಾಟ್ ಸುಮಾರು. ಅದಕ್ಕೆ ಪ್ರೊಸೆಸರಿನ 84 ಸೇರಿಸಿದರೆ 234, ಹಾಗೆ ಲೆಕ್ಕ ಹಾಕಿದರೂ ನಮ್ಮ 192ಕ್ಕೆ ಅದು ಜಾಸ್ತಿಯೇ. ಭಾರದ ಪರೀಕ್ಷೆ ಹಚ್ಚಿದ ಹತ್ತೇ ನಿಮಿಷಕ್ಕೆ ಬಿಸಿ 90 ಡಿಗ್ರಿ ಹತ್ತಿರ ಹೋಯಿತು. ಬಿಚ್ಚಿದರೆ ಚಿಪ್ಪಿನ ಬಿಸಿ ಹೊರಗೆ ಸಾಗಿಸಲು ಹಚ್ಚುವ ಪೇಸ್ಟ್ ಒಣಗಿ ಪುಡಿಯಾಗಿತ್ತು, ಥರ್ಮಲ್ ಪ್ಯಾಡ್‌ಗಳಿಂದ ಎಣ್ಣೆ ಇಳಿದಿತ್ತು, ಒಂದು ಫ್ಯಾನ್ ಅಲುಗಾಡುತ್ತಿತ್ತು. ಹಗಲೂ ರಾತ್ರಿ ಮೈನಿಂಗಿಗೆ, ಅಂದರೆ ಕಾರ್ಡಿನಿಂದ ಲೆಕ್ಕ ಮಾಡಿಸಿ ಡಿಜಿಟಲ್ ನಾಣ್ಯ ಗಳಿಸಲಿಕ್ಕೆ, ಓಡಿದ ಕಾರ್ಡಿನ ಹಾಗಿದೆ ಎಂದರು. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಎಂಬ ಅಂಥ ನಾಣ್ಯದಲ್ಲಿ ಕಾರ್ಡ್ ಓಡಿಸಿ ದುಡಿಯುವುದು ನಿಂತಿತು. ಆಮೇಲೆ ಅಂಥ ಕಾರ್ಡ್‌ಗಳು ಹಳೇ ಮಾಲಿನ ಮಾರುಕಟ್ಟೆಗೆ ರಾಶಿ ರಾಶಿ ಬಂದವು. ಮೈನಿಂಗ್ ಮಾಡಿದ್ದೆಲ್ಲ ಹಾಳು ಅಂತ ನಾನು ಹೇಳುವುದಿಲ್ಲ. ಆದರೆ ಅರ್ಧ ಗಂಟೆ ಭಾರದ ಗೇಮ್ ಓಡಿಸಿ ಬಿಸಿ ನೋಡದೆ, ಶೇಡರ್ ಲೆಕ್ಕ ನೋಡದೆ ದುಡ್ಡು ಕೊಡಬೇಡಿ. ಸಂಕೋಚ ಬೇಡ. ಮಾರಿದವರಿಗೆ ಫೋನ್ ಮಾಡಿದೆ. "ನೀವೇ ನೋಡಿ ತಗೊಂಡಿದ್ದಲ್ವಾ" ಎಂದರು. ಬಿಲ್ ಇಲ್ಲದ ನಾನು ಏನು ಹೇಳಲಿ?

ದುಡ್ಡಿಗಿಂತ ಹೆಚ್ಚು ಹೊಟ್ಟೆ ಉರಿದದ್ದು ಹಾರ್ಡ್ ಡಿಸ್ಕಿಗೆ. ನಮ್ಮ ಅಪ್ಪ ಹೊನ್ನಾವರ ಕಡೆಯವರು. ಎಲ್ಲಿ ತಾಳಮದ್ದಳೆ ಇದ್ದರೂ ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ಏಳೆಂಟು ವರ್ಷದ ದನಿಗಳೆಲ್ಲ ಆ ಡಿಸ್ಕಿನಲ್ಲಿದ್ದವು. ಅದರಲ್ಲಿ ಕೆಲವರು ಈಗ ಇಲ್ಲ. ಬೇರೆ ಪ್ರತಿ ಇರಲಿಲ್ಲ. "ತಾಳಮದ್ದಳೆದು ಎಲ್ಲಾ ಹೋಯ್ತಾ ಮಗಾ?" ಎಂದು ಒಂದೇ ಸಲ ಕೇಳಿದರು. ಮತ್ತೆ ಕೇಳಲಿಲ್ಲ.

ಆ ರಿಪೇರಿಯವರ ಉಪಕಾರ ದೊಡ್ಡದು. ಹಾರ್ಡ್ ಡಿಸ್ಕಿನ ಹಸಿರು ಬೋರ್ಡಿನಲ್ಲಿ ಪುಟ್ಟ ಡಯೋಡ್‌ಗಳಿರುತ್ತವೆ. ಜಾಸ್ತಿ ವೋಲ್ಟೇಜ್ ಬಂದರೆ ಅವು ತಾವು ಸುಟ್ಟುಕೊಂಡು ಒಳಗಿನದನ್ನು ಕಾಯುತ್ತವೆ. ಅವರು ಮೀಟರಿನಲ್ಲಿ ಪರೀಕ್ಷಿಸಿ, 12 ವೋಲ್ಟಿನ ಡಯೋಡ್ ಶಾರ್ಟ್ ಆಗಿದೆ ಎಂದು ಅದನ್ನು ಕಿತ್ತರು. ಒಳ್ಳೆಯ ಪವರ್ ಸಪ್ಲೈ ಕೊಟ್ಟಾಗ ಡಿಸ್ಕ್ ತಿರುಗಿತು. ಕೂಡಲೇ ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಿದೆವು. ಎಲ್ಲರಿಗೂ ಹೀಗೆ ಸಿಗುವುದಿಲ್ಲ. ಡಿಸ್ಕ್ ಸತ್ತಿದೆ ಎಂದು ಎಸೆಯಬೇಡಿ, ಮತ್ತೆ ಮತ್ತೆ ಕರೆಂಟ್ ಕೊಟ್ಟು ನೋಡಲೂ ಬೇಡಿ. ತಿಳಿದವರಿಗೆ ತೋರಿಸಿ. ಅದಕ್ಕೂ ಮೊದಲು, ಕ್ಯಾಬಿನೆಟ್ ಬಿಚ್ಚುವ ದಿನವೇ ಬೇಕಾದದ್ದನ್ನು ಬೇರೆ ಕಡೆ ಉಳಿಸಿಕೊಳ್ಳಿ.

ಅವರು ಮನೆಗೆ ಬಂದು ಪ್ಲಗ್ ಪಾಯಿಂಟನ್ನೂ ನೋಡಿದರು. ಮೂರು ಪಿನ್ ಇತ್ತು, ಆದರೆ ಅರ್ಥಿಂಗ್ ವೈರೇ ಎಳೆದಿರಲಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಅದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿತ್ತು. ನಿಮ್ಮದೂ ಜುಮ್ ಅನ್ನುತ್ತಿದ್ದರೆ ಗೇಮ್ ಬದಿಗಿಟ್ಟು ಮೊದಲು ವೈರ್‌ಮನ್‌ಗೆ ಹೇಳಿ.

ಆಮೇಲೆ ನಾವು ಮಾಡಿದ್ದು ಇಷ್ಟು. ಕರೆಂಟ್ ಕಡಿಮೆ ಪೋಲು ಮಾಡುವ ಬ್ರಾಂಜ್ ದರ್ಜೆಯ 550 ವ್ಯಾಟಿನ ಪವರ್ ಸಪ್ಲೈ ಬಿಲ್ ಸಮೇತ ತಂದೆವು. ಹಳೇ ಎಚ್81 ಬೋರ್ಡ್ ಒಂದನ್ನು ಅವರೇ ಹುಡುಕಿ ಕೊಟ್ಟರು. ಹಾರ್ಡ್ ಡಿಸ್ಕಿನ ಜಾಗಕ್ಕೆ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಒಂದನ್ನು ಹಾಕಿದೆವು. ಕೆಲವು ತಿಂಗಳು ಬಿಟ್ಟು ಬೇರೆ ಪಿನ್ ಬೇಡದ ಜಿಟಿಎಕ್ಸ್ 1650 ತೆಗೆದುಕೊಂಡೆವು. 75 ವ್ಯಾಟ್, ಸ್ಲಾಟಿನಿಂದಲೇ ಓಡುತ್ತದೆ. ಇಷ್ಟು ಹಳೆಯ ಕಂಪ್ಯೂಟರಿಗೆ ಈ 75 ವ್ಯಾಟೇ ಸರಿಯಾದ ಮಿತಿ ಎಂದು ನನ್ನ ಅಭಿಪ್ರಾಯ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಮ್ಮ ನಾಲ್ಕನೇ ತಲೆಮಾರಿನ ಐ5 ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಡಿಡಿಆರ್3 ರ‍್ಯಾಮ್ ಮುಂದಿನ ಬೋರ್ಡಿಗೆ ಕೂರುವುದೇ ಇಲ್ಲ. ಹಾಗಾಗಿ ಕೈಲಿರುವ ಸ್ವಲ್ಪ ದುಡ್ಡನ್ನು ಮುಂದಿನ ಕಂಪ್ಯೂಟರಿಗೂ ಹೋಗುವ ವಸ್ತುವಿಗೆ ಹಾಕಿ. ಪವರ್ ಸಪ್ಲೈ, ಎಸ್‌ಎಸ್‌ಡಿ ಎರಡನ್ನೂ ತೆಗೆದು ಅದಕ್ಕೆ ಹಾಕಿಕೊಳ್ಳಬಹುದು.

ಪಕ್ಕದ ಮನೆಯ ಹುಡುಗನಿಗೆ ಚೀಟಿಯ ಫೋಟೋ ಕಳಿಸು ಎಂದಿದ್ದೆ. ನಿನ್ನೆ ರಾತ್ರಿ ಕಳಿಸಿದ. ಮೇಲೆ 500 ವ್ಯಾಟ್ ಎಂದಿದೆ. ಕೆಳಗೆ 12 ವೋಲ್ಟಿಗೆ 18 ಆಂಪಿಯರ್. ಗುಣಿಸಿ ನೋಡು ಎಂದೆ. ಸ್ವಲ್ಪ ಹೊತ್ತು ಬಿಟ್ಟು "216, ಬೇಡ ಅಣ್ಣಾ" ಎಂದು ಬರೆದ. ಭಾನುವಾರ ಅವನ ಕ್ಯಾಬಿನೆಟ್ ಬಿಚ್ಚಿ ಧೂಳು ತೆಗೆಯಲು ಹೋಗುತ್ತಿದ್ದೇನೆ.