ಬೋರ್‌ವೆಲ್ ಪಾಯಿಂಟ್: ಕಾಯಿಯೋ, ಮೀಟರೋ?

ಕೋಲಾರದ ಕಡೆ ಬೋರ್ ಕೊರೆಸುವವರಿಗೆ ಪಾಯಿಂಟ್, ಅಂದರೆ ಕೊರೆಯುವ ಜಾಗ, ಗುರುತಿಸಲು ಎರಡು ದಾರಿ.

ತೆಂಗಿನಕಾಯಿ ಹಿಡಿದು ನೋಡುವವರಿಗೆ ಖರ್ಚು ಕಡಿಮೆ. ಅಂಗೈ ಮೇಲಿನ ಕಾಯಿ ಎದ್ದು ನಿಂತ ಕಡೆ ಪಾಯಿಂಟ್. ನೀರು ಬಿದ್ದರೆ ಕಾಯಿ ಗೆದ್ದಿತು. ಬೀಳದಿದ್ದರೆ ‘ಇನ್ನೂ ನೂರು ಅಡಿ ಹೋಗಬೇಕಿತ್ತು’, ‘ನಿಮ್ಮ ಅದೃಷ್ಟ’. ಕಾಯಿ ಸೋಲುವ ದಾರಿಯೇ ಇಲ್ಲ!

ಭೂವಿಜ್ಞಾನಿ ನೆಲಕ್ಕೆ ಕಂಬಿ ನೆಟ್ಟು ಕರೆಂಟ್ ಹರಿಸಿ, ಅದಕ್ಕೆ ಎಷ್ಟು ತಡೆ ಅಂತ ಮೀಟರ್‌ನಲ್ಲಿ ನೋಡುತ್ತಾರೆ. ಒಣ ಬಂಡೆಯಲ್ಲಿ ತಡೆ ಜಾಸ್ತಿ, ನೀರಿರುವ ಬಿರುಕಿನಲ್ಲಿ ಕಡಿಮೆ. ಬಿರುಕು ಎಷ್ಟು ಅಡಿಯಲ್ಲಿರಬಹುದು ಅಂತ ಬರೆದು ಕೊಡುತ್ತಾರೆ. ಇದೂ ಫೇಲ್ ಆಗುತ್ತದೆ, ಆಳ ಹೆಚ್ಚಿದಷ್ಟೂ ಜಾಸ್ತಿ. ಆದರೆ ತಪ್ಪಿದ್ದು ಎಲ್ಲರಿಗೂ ಕಾಣುತ್ತದೆ, ಅಲ್ವಾ? ತತ್ವಜ್ಞಾನಿ ಕಾರ್ಲ್ ಪಾಪ್ಪರ್ 1934ರಲ್ಲಿ ಎಳೆದ ಗೆರೆ ಇದೇ: ಸುಳ್ಳಾಗಲು ಅವಕಾಶ ಕೊಡುವ ಮಾತೇ ವಿಜ್ಞಾನದ್ದು.

ನನ್ನ ಆಯ್ಕೆ ಮೀಟರ್. ಕಾಯಿಯವರೇ ಬೇಕೆಂದರೆ, ಲಾರಿ ಬರುವ ಮುಂಚೆ ಆಳ ಎಷ್ಟು, ನೀರು ಎಷ್ಟು ಇಂಚು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.